ಒಂಟಿ ಕಾಲಿನ ಲೆಕ್ಕ: ಟೇಕ್ವಾಂಡೋ ಮತ್ತು ನಮ್ಮ ವಿಜ್ಞಾನ ಪಾಠ



"ಮಾಷ್ಟ್ರೇ, ಕರಾಟೆ ದೊಡ್ಡದಾ, ಟೇಕ್ವಾಂಡೋ ದೊಡ್ಡದಾ, ನಮ್ಮ ಕಳರಿ ದೊಡ್ಡದಾ?" ಶಾಲೆಯಲ್ಲಿ ಆತ್ಮರಕ್ಷಣೆಯ ತರಗತಿ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಅವರವರು ಕಲಿತದ್ದನ್ನೇ ಅವರವರು ದೊಡ್ಡದೆನ್ನುತ್ತಾರೆ. ಮೊಬೈಲಿನಲ್ಲಿ ಹಲಗೆ ಮುರಿಯುವ ವಿಡಿಯೋ ನೋಡಿದವರಿಗಂತೂ ಅದೇ ದೊಡ್ಡದು. ವಿಜ್ಞಾನದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ಕೇಳಬೇಕು: ಈ ವಿದ್ಯೆ ಏನನ್ನು ಪಡೆಯಲಿಕ್ಕಾಗಿ ಏನನ್ನು ಬಿಟ್ಟುಕೊಡುತ್ತದೆ? ಬಲ, ವೇಗ, ಸಮತೋಲನ ಮೂರನ್ನೂ ಒಟ್ಟಿಗೆ ಪೂರ್ತಿಯಾಗಿ ಯಾರಿಗೂ ಪಡೆಯಲಿಕ್ಕೆ ಆಗುವುದಿಲ್ಲ. ಟೇಕ್ವಾಂಡೋವನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಮಾಡಿ ನೋಡೋಣ.

ಹೆಸರಿನಲ್ಲೇ ಕಾಲು ಉಂಟು

ಟೇಕ್ವಾಂಡೋ ಕೊರಿಯಾ ದೇಶದ ವಿದ್ಯೆ. 'ಟೇ' ಅಂದರೆ ಕಾಲಿನ ಹೊಡೆತ, 'ಕ್ವಾನ್' ಅಂದರೆ ಮುಷ್ಟಿ, 'ಡೋ' ಅಂದರೆ ದಾರಿ. ಈ ಹೆಸರು ಬಂದದ್ದು 1955ರಲ್ಲಿ. ಇದರ ಮುಖ್ಯ ಕೇಂದ್ರವಾದ ಕುಕ್ಕಿವಾನ್ ಸಿಯೋಲ್ ನಗರದಲ್ಲಿ 1972ರಲ್ಲಿ ತೆರೆಯಿತು. ಮರುವರ್ಷ ವಿಶ್ವ ಒಕ್ಕೂಟ ಹುಟ್ಟಿಕೊಂಡಿತು. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನಕ್ಕೆಂದು ಇದ್ದ ಆಟ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪದಕದ ಆಟವಾಯಿತು.

ತರಬೇತಿಯಲ್ಲಿ ಮುಖ್ಯವಾಗಿ ಮೂರು ಭಾಗಗಳು. ಕ್ರಮವಾಗಿ ಜೋಡಿಸಿದ ಚಲನೆಗಳ ಅಭ್ಯಾಸ 'ಪೂಮ್ಸೆ'. ಎದುರಾಳಿಯ ಜೊತೆ ಆಡುವುದು ಕಾದಾಟ. ಹಲಗೆ ಮುರಿಯುವುದು ಮೂರನೆಯದು. ಬಿಳಿ ಪಟ್ಟಿಯಿಂದ ಶುರುವಾಗಿ ಕಪ್ಪು ಪಟ್ಟಿಗೆ ಹೋಗಲಿಕ್ಕೆ ವರ್ಷಗಳೇ ಬೇಕು.

ಕಾಲಿನಿಂದ ಏನು ಲಾಭ?

ಮನುಷ್ಯನ ಒಂದು ಕಾಲಿನ ದ್ರವ್ಯರಾಶಿ ಇಡೀ ದೇಹದ ಸುಮಾರು 16 ಶೇಕಡಾ, ಒಂದು ಕೈಯದ್ದು ಸುಮಾರು 5 ಶೇಕಡಾ. ನೀವು 50 ಕಿಲೋಗ್ರಾಂ ಇದ್ದೀರಿ ಎಂದಿಟ್ಟುಕೊಳ್ಳಿ. ಕಾಲು 8 ಕಿಲೋಗ್ರಾಂ, ಕೈ 2.5 ಕಿಲೋಗ್ರಾಂ. ಚಲನಶಕ್ತಿ ಅಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಎರಡೂ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹೋದರೆ ಕೈಯ ಚಲನಶಕ್ತಿ 45 ಜೂಲ್, ಕಾಲಿನದ್ದು 144 ಜೂಲ್. ಅಂದರೆ ಮೂರು ಪಟ್ಟಿಗಿಂತಲೂ ಹೆಚ್ಚು. (ನಿಜವಾಗಿ ಕಾಲಿನ ಎಲ್ಲ ಭಾಗಕ್ಕೂ ಒಂದೇ ವೇಗ ಇರುವುದಿಲ್ಲ, ಇದು ಅಂದಾಜಿಗೆ ಮಾತ್ರ.)

ಇನ್ನೊಂದು ಲಾಭವೂ ಉಂಟು. ಬಾಗಿಲು ತೆರೆಯುವಾಗ ತಿರುಗಣೆಯ ಹತ್ತಿರದ ಭಾಗ ನಿಧಾನ, ಹಿಡಿಕೆಯ ಬದಿ ವೇಗ, ಅಲ್ವಾ? ಸೊಂಟವನ್ನು ತಿರುಗಿಸಿ ಬೀಸಿ ಒದೆಯುವಾಗ ಪಾದವೇ ಆ ಹಿಡಿಕೆ. ಕಾಲು ಕೈಗಿಂತ ಉದ್ದವಾದ್ದರಿಂದ ದೂರದಲ್ಲಿ ನಿಂತೇ ಎದುರಾಳಿಯನ್ನು ಮುಟ್ಟಬಹುದು.

ಹಾಗಾದರೆ ಎಲ್ಲರೂ ಯಾಕೆ ಕಾಲನ್ನೇ ಬಳಸುವುದಿಲ್ಲ? ಯಾಕೆಂದರೆ ಈ ಲಾಭಕ್ಕೆ ಎರಡು ಬೆಲೆ ತೆರಬೇಕು.

ಮೊದಲ ಬೆಲೆ: ಸಮಯ

ಮಾಡಿ ನೋಡಿ: ಕ್ರಿಕೆಟ್ ಬ್ಯಾಟಿನ ಹಿಡಿಕೆಯನ್ನು ಹಿಡಿದು ಎಡಕ್ಕೆ ಬಲಕ್ಕೆ ಬೇಗ ಬೇಗ ಬೀಸಿ. ಈಗ ಬ್ಯಾಟನ್ನು ತಲೆಕೆಳಗು ಮಾಡಿ, ಅಗಲದ ತುದಿಯನ್ನು ಹಿಡಿದು ಹಾಗೆಯೇ ಬೀಸಿ. ಎರಡನೆಯದು ಸುಲಭ. ಬ್ಯಾಟ್ ಅದೇ, ತೂಕವೂ ಅದೇ. ಆದರೆ ಭಾರ ತಿರುಗುವ ಬಿಂದುವಿನ ಹತ್ತಿರ ಬಂತು.

ಉದ್ದಕ್ಕೆ ಚಾಚಿದ ಕಾಲು ಮೊದಲನೆಯ ಬ್ಯಾಟಿನ ಹಾಗೆ. ಅದನ್ನು ತಿರುಗಿಸಲಿಕ್ಕೆ ಹೆಚ್ಚು ಹೊತ್ತು ಬೇಕು. ಅದಕ್ಕಾಗಿಯೇ ಟೇಕ್ವಾಂಡೋ ಗುರುಗಳು "ಮೊದಲು ಮೊಣಕಾಲು ಎತ್ತು, ಮಡಚು, ಆಮೇಲೆ ಬಿಡು" ಎಂದು ನೂರು ಸಲ ಹೇಳುವುದು. ಮಡಚಿದಾಗ ಕಾಲಿನ ಭಾರ ಸೊಂಟದ ಹತ್ತಿರ ಬರುತ್ತದೆ, ಬೇಗ ತಿರುಗುತ್ತದೆ. ಕೊನೆಯ ಕ್ಷಣದಲ್ಲಿ ಮೊಣಕಾಲು ಬಿಚ್ಚಿ ಪಾದ ಹಾರುತ್ತದೆ. ಇಷ್ಟೆಲ್ಲ ಮಾಡಿದರೂ ಮುಖದ ಎದುರಿಗೇ ಇರುವ ಮುಷ್ಟಿಯ ದಾರಿ ಕಾಲಿನ ದಾರಿಗಿಂತ ಚಿಕ್ಕದು.

ಎರಡನೇ ಬೆಲೆ: ಸಮತೋಲನ

ಮಾಡಿ ನೋಡಿ: ಬಲ ಭುಜ ಮತ್ತು ಬಲ ಪಾದದ ಹೊರಬದಿ ಎರಡೂ ಗೋಡೆಗೆ ತಾಗುವ ಹಾಗೆ ನಿಂತುಕೊಳ್ಳಿ. ಈಗ ಎಡಗಾಲನ್ನು ಎತ್ತಿ ಹಾಗೇ ನಿಲ್ಲಿ. ಆಗುವುದಿಲ್ಲ! ಒಂದೇ ಕಾಲಿನಲ್ಲಿ ನಿಲ್ಲಬೇಕಾದರೆ ದೇಹದ ಗುರುತ್ವ ಕೇಂದ್ರ ಆ ಪಾದದ ನೇರ ಮೇಲೆ ಬರಬೇಕು. ಅದಕ್ಕೆ ದೇಹ ಬಲಕ್ಕೆ ಸರಿಯಬೇಕು, ಗೋಡೆ ಬಿಡುವುದಿಲ್ಲ.

ಎರಡು ಪಾದ ನೆಲದಲ್ಲಿದ್ದರೆ ಅವುಗಳ ನಡುವಿನ ಜಾಗವೆಲ್ಲ ನಿಮ್ಮ ಆಧಾರ. ಒಂದನ್ನು ಎತ್ತಿದ ಕೂಡಲೇ ಆಧಾರ ಒಂದು ಪಾದದಷ್ಟಕ್ಕೆ ಇಳಿಯುತ್ತದೆ. ಆ ಕ್ಷಣ ಯಾರಾದರೂ ನಿಮ್ಮ ಕಾಲು ಹಿಡಿದರೆ ಬೀಳುವುದು ಖಂಡಿತ. ಆದ್ದರಿಂದ ಒದೆಯುವುದಕ್ಕಿಂತ ಒದ್ದ ಕಾಲನ್ನು ಬೇಗ ಹಿಂದಕ್ಕೆ ತರುವುದು ಕಲಿಯಲಿಕ್ಕೆ ಕಷ್ಟದ ಪಾಠ.

ಇಲ್ಲಿ ಇನ್ನೊಂದು ವಿಷಯ ನೆನಪಿಡಿ. ಬೀಸಿ ಒದೆಯುವಾಗ ನಿಂತ ಕಾಲಿನ ಪಾದವೂ ನೆಲದಲ್ಲಿ ತಿರುಗಬೇಕು, ಹಿಮ್ಮಡಿ ಗುರಿಯ ಕಡೆಗೆ ಬರಬೇಕು. ಪಾದ ಅಂಟಿಕೊಂಡು ಮೇಲಿನ ದೇಹ ಮಾತ್ರ ತಿರುಗಿದರೆ ಆ ತಿರುಚು ಬೀಳುವುದು ಮೊಣಕಾಲಿನ ಮೇಲೆ. ಮೊಣಕಾಲು ಮುಖ್ಯವಾಗಿ ಬಾಗಿಲಿನ ತಿರುಗಣೆಯಂಥ ಕೀಲು. ಹಾಗೆ ತಿರುಚಿದರೆ ಅದರ ಅಸ್ಥಿರಜ್ಜು ಹರಿಯಬಹುದು.

ಬೇರೆ ವಿದ್ಯೆಗಳು ಮಾಡಿದ ಆಯ್ಕೆ

ಬಾಕ್ಸಿಂಗ್: ಎರಡೂ ಪಾದ ನೆಲದಲ್ಲೇ. ಹಿಂದಿನ ಪಾದ ನೆಲವನ್ನು ತಳ್ಳುತ್ತದೆ, ನೆಲ ತಿರುಗಿ ತಳ್ಳುತ್ತದೆ (ನ್ಯೂಟನ್ನನ ಮೂರನೇ ನಿಯಮ). ಆ ಬಲ ಸೊಂಟ, ಭುಜದ ಮೂಲಕ ಮುಷ್ಟಿಗೆ ಬರುತ್ತದೆ. ದೂರ ಕಡಿಮೆ, ಆದರೆ ಬೇಗ.

ಕರಾಟೆ: ಜಪಾನಿನ ಒಕಿನಾವಾ ದ್ವೀಪದಲ್ಲಿ ಬೆಳೆದದ್ದು. ಇದರಲ್ಲೂ ಒದೆತ ಉಂಟು, ಆದರೆ ಅಭ್ಯಾಸದಲ್ಲಿ ಕಾಲು ಅಗಲಿಸಿ ತಗ್ಗಿ ನಿಲ್ಲುವುದು ಹೆಚ್ಚು. ಆಧಾರ ದೊಡ್ಡದು, ಗುರುತ್ವ ಕೇಂದ್ರ ಕೆಳಗೆ, ಆದ್ದರಿಂದ ಗಟ್ಟಿ. ಟೇಕ್ವಾಂಡೋ ಕಾದಾಟದಲ್ಲಿ ಎತ್ತರಕ್ಕೆ ನಿಂತು ಪುಟಿಯುತ್ತಾ ಇರುತ್ತಾರೆ. ಗಟ್ಟಿತನ ಕಡಿಮೆ, ಯಾವ ಕಾಲನ್ನಾದರೂ ಎತ್ತಲಿಕ್ಕೆ ಸುಲಭ.

ಜೂಡೋ: ಜಿಗೊರೊ ಕಾನೊ 1882ರಲ್ಲಿ ಶುರುಮಾಡಿದ್ದು. ಇದರ ಸ್ಪರ್ಧೆಯಲ್ಲಿ ಹೊಡೆತವೇ ಇಲ್ಲ. ಎದುರಾಳಿಯ ಗುರುತ್ವ ಕೇಂದ್ರವನ್ನು ಅವನ ಪಾದಗಳ ಆಧಾರದಿಂದ ಹೊರಗೆ ಎಳೆದು, ಆಮೇಲೆ ಎಸೆಯುವುದು. ನಾವು ಈಗ ಓದಿದ 'ಎರಡನೇ ಬೆಲೆ'ಯನ್ನು ಎದುರಾಳಿಯಿಂದ ವಸೂಲಿ ಮಾಡುವ ವಿದ್ಯೆ.

ಕುಸ್ತಿ: ಸೊಲ್ಲಾಪುರ, ಜತ್ತ ಕಡೆಯ ವಿದ್ಯಾರ್ಥಿಗಳಿಗೆ ತಾಲೀಮಿನ ಕೆಂಪು ಮಣ್ಣು ಹೇಳಿಕೊಡಬೇಕಾಗಿಲ್ಲ. ತಗ್ಗಿ ನಿಂತು ಹಿಡಿಯುವುದೇ ಅಲ್ಲಿ ಮುಖ್ಯ. ಹದಮಾಡಿದ ಮಣ್ಣು ಬಿದ್ದವನನ್ನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡು ನಿಲ್ಲಿಸುತ್ತದೆ. ನಿಲ್ಲುವ ಸಮಯ ಹೆಚ್ಚಾದರೆ ಬಡಿಯುವ ಬಲ ಕಡಿಮೆ.

ಕಳರಿಪಯಟ್ಟು: ಕಾಸರಗೋಡಿನವರಿಗೆ ಪರಿಚಯದ ವಿದ್ಯೆ. ಇದರಲ್ಲಿ ಎತ್ತರದ ಒದೆತವೂ ಉಂಟು, ನೆಲಕ್ಕೆ ತಾಗುವಷ್ಟು ತಗ್ಗುವುದೂ ಉಂಟು. ಆನೆ, ಕುದುರೆ, ಸಿಂಹ, ಹಾವು ಮುಂತಾದ ಪ್ರಾಣಿಗಳ ಹೆಸರಿನ 'ವಡಿವು'ಗಳು ಅಂದರೆ ಗುರುತ್ವ ಕೇಂದ್ರವನ್ನು ಎಲ್ಲೆಲ್ಲಿ ಇಡಬಹುದು ಎಂಬ ಅಭ್ಯಾಸ. ಮೊದಲು ಮೈ ಪಳಗಿಸಿ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ, ಕೊನೆಗೆ ಬರಿಗೈ. ಟೇಕ್ವಾಂಡೋ ಬರಿಗೈ ಬರಿಗಾಲಿನಲ್ಲೇ ಶುರು. ಕಳರಿಯಲ್ಲಿ ಬರಿಗೈ ಕಾದಾಟ ಕೊನೆಯ ಪಾಠ.

ನಿಯಮ ಬದಲಾದರೆ ಅಭ್ಯಾಸ ಬದಲಾಗುತ್ತದೆ

ಒಲಿಂಪಿಕ್ ಟೇಕ್ವಾಂಡೋದಲ್ಲಿ ಎದೆಗವಚಕ್ಕೆ ಮುಷ್ಟಿ ತಾಗಿದರೆ 1 ಅಂಕ, ಒದೆತ ತಾಗಿದರೆ 2, ತಲೆಗೆ ಒದೆತ ತಾಗಿದರೆ 3. ಬೆನ್ನು ತಿರುಗಿಸಿ ಒದ್ದರೆ ಇನ್ನೂ ಹೆಚ್ಚು. ತಲೆಗೆ ಮುಷ್ಟಿಯಿಂದ ಹೊಡೆಯುವಂತಿಲ್ಲ, ಸೊಂಟದ ಕೆಳಗೆ ಒದೆಯುವಂತಿಲ್ಲ. ಹಾಗಾಗಿ ಆಟಗಾರರು ಕೈಯನ್ನು ಕೆಳಗೆ ಬಿಟ್ಟುಕೊಂಡು ಆಡುವುದುಂಟು. ಬಾಕ್ಸಿಂಗ್ ಅಂಕಣದಲ್ಲಿ ಹಾಗೆ ನಿಂತರೆ ಒಂದೇ ಏಟಿಗೆ ಮುಗಿಯಿತು. ಬಾಕ್ಸಿಂಗ್ ಕಲಿತವನಿಗೋ ಒದೆತವನ್ನು ತಡೆದು ಅಭ್ಯಾಸವೇ ಇರುವುದಿಲ್ಲ. 'ಯಾವುದು ದೊಡ್ಡದು' ಎಂದು ಕೇಳಿದರೆ 'ಯಾವ ನಿಯಮದಲ್ಲಿ?' ಎಂದು ತಿರುಗಿ ಕೇಳಬೇಕಾದದ್ದು ಇದಕ್ಕೇ.

ಕಣ್ಣು ನೋಡಿ ಕೈ ಏಳುವುದರೊಳಗೆ

ಮಾಡಿ ನೋಡಿ: ಗೆಳತಿ 30 ಸೆಂಟಿಮೀಟರಿನ ಸ್ಕೇಲನ್ನು ನೇರವಾಗಿ ತೂಗಹಿಡಿಯಲಿ. ಸೊನ್ನೆಯ ಹತ್ತಿರ ನಿಮ್ಮ ಬೆರಳುಗಳನ್ನು ತೆರೆದಿಡಿ. ಅವಳು ಹೇಳದೆ ಬಿಟ್ಟಾಗ ಹಿಡಿಯಿರಿ. 10 ಸೆಂಟಿಮೀಟರಿನಲ್ಲಿ ಹಿಡಿದರೆ ನಿಮ್ಮ ಪ್ರತಿಕ್ರಿಯೆಯ ಸಮಯ ಸುಮಾರು 0.14 ಸೆಕೆಂಡು, 20ರಲ್ಲಿ ಹಿಡಿದರೆ 0.20, 30ರಲ್ಲಿ 0.25. ಐದು ಸಲ ಮಾಡಿ ಸರಾಸರಿ ತೆಗೆಯಿರಿ.

ಇದು ಬೆರಳು ಮುಚ್ಚಲಿಕ್ಕೆ ಬೇಕಾದ ಸಮಯ ಮಾತ್ರ. ಇಡೀ ದೇಹವನ್ನು ಸರಿಸಲಿಕ್ಕೆ ಇನ್ನೂ ಹೆಚ್ಚು ಬೇಕು. ಪಾದ ಹೊರಟ ಮೇಲೆ ಅದನ್ನು ನೋಡಿ ತಪ್ಪಿಸಿಕೊಳ್ಳುತ್ತೇನೆ ಎಂದರೆ ತಡವಾಗುತ್ತದೆ. ಅದಕ್ಕೇ ಅನುಭವಿಗಳು ಪಾದವನ್ನು ನೋಡುವುದಿಲ್ಲ. ಸೊಂಟ, ಭುಜ ತಿರುಗುವುದನ್ನು, ಮೊಣಕಾಲು ಏಳುವುದನ್ನು ಗಮನಿಸುತ್ತಾರೆ.

ಹಲಗೆ ಮುರಿಯುವುದು ಮಂತ್ರವಲ್ಲ

ಪ್ರದರ್ಶನದ ಹಲಗೆ ಮೆತ್ತನೆಯ ಮರದ್ದು, ತೆಳುವಾದದ್ದು. ಹೊಡೆಯುವುದು ಮರದ ಎಳೆಗಳ ಉದ್ದಕ್ಕೆ ಸೀಳುವ ಹಾಗೆ. ಸೌದೆ ಸೀಳಿದವರಿಗೆ ಗೊತ್ತು, ಎಳೆಯ ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ. ಎರಡು ತುದಿಗೆ ಆಧಾರ ಕೊಟ್ಟು ನಡುವೆ ಹೊಡೆದಾಗ ಹಲಗೆ ಬಾಗುತ್ತದೆ, ಹಿಂಬದಿ ಹಿಗ್ಗಿ ಅಲ್ಲಿಂದ ಬಿರುಕು ಶುರುವಾಗುತ್ತದೆ.

ಈಗ ಅಪಾಯದ ಲೆಕ್ಕ ನೋಡಿ. ಹಲಗೆ ಮುರಿದರೆ ಕೈ ಮುಂದಕ್ಕೆ ಹೋಗುತ್ತದೆ, ಅದರ ಸಂವೇಗದಲ್ಲಿ ಸ್ವಲ್ಪ ಮಾತ್ರ ಕಡಿಮೆಯಾಗುತ್ತದೆ. ಮುರಿಯದಿದ್ದರೆ? ಕೈ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ಪುಟಿಯುತ್ತದೆ. ಸಂವೇಗದ ಬದಲಾವಣೆ ಪೂರ್ತಿ, ಅದೂ ಕ್ಷಣಮಾತ್ರದಲ್ಲಿ. ಆ ಬಲವೆಲ್ಲ ನಿಮ್ಮ ಎಲುಬಿಗೆ. ನಿಮ್ಮ ಪ್ರಾಯದಲ್ಲಿ ಎಲುಬಿನ ತುದಿಗಳಲ್ಲಿ ಮೃದ್ವಸ್ಥಿಯ ಬೆಳವಣಿಗೆಯ ಪದರ ಇರುತ್ತದೆ. ಅದಕ್ಕೆ ಪೆಟ್ಟಾದರೆ ಆ ಎಲುಬಿನ ಬೆಳವಣಿಗೆಯೇ ಕೆಡಬಹುದು. ಆದ್ದರಿಂದ ಮನೆಯಲ್ಲಿ ಹೆಂಚು, ಇಟ್ಟಿಗೆ, ಹಲಗೆ ಯಾವುದನ್ನೂ ಮುರಿಯಲಿಕ್ಕೆ ಹೋಗಬೇಡಿ.

ತಲೆಗೆ ಪೆಟ್ಟಾದರೆ

ಶಿರಸ್ತ್ರಾಣದೊಳಗಿನ ಸ್ಪಂಜು ಹೊಡೆತದ ಸಮಯವನ್ನು ಹೆಚ್ಚಿಸಿ ಬಲವನ್ನು ಕಡಿಮೆ ಮಾಡುತ್ತದೆ. ಚರ್ಮ ಹರಿಯುವುದು, ಎಲುಬು ಒಡೆಯುವುದು ತಪ್ಪಬಹುದು. ಆದರೆ ತಲೆ ಥಟ್ಟನೆ ತಿರುಗಿದಾಗ ಬುರುಡೆಯೊಳಗೆ ಮೆದುಳು ಅಲುಗುವುದನ್ನು ಅದು ಪೂರ್ತಿ ತಡೆಯಲಾರದು. ಪೆಟ್ಟಿನ ನಂತರ ತಲೆನೋವು, ತಲೆಸುತ್ತು, ವಾಂತಿ, ಮಂಕು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನ ಆಟ ನಿಲ್ಲಿಸಬೇಕು, ಡಾಕ್ಟರಿಗೆ ತೋರಿಸಬೇಕು. "ಏನಿಲ್ಲ, ಸರಿಯಾಯ್ತು" ಎಂದು ಗೆಳೆಯ ಹೇಳಿದರೂ ನೀವು ಹೋಗಿ ಗುರುಗಳಿಗೆ ತಿಳಿಸಿ. ಅದು ಚಾಡಿ ಅಲ್ಲ.

ಹಾಗಾದರೆ ಯಾವುದನ್ನು ಕಲಿಯಬೇಕು?

ಮೈಗೆ, ಮನಸ್ಸಿಗೆ ಹಿಡಿಸಿದ ಯಾವುದನ್ನಾದರೂ ಕಲಿಯಿರಿ. ಕಲಿಸುವವರು ಮೊದಲು ಮೈ ಬಿಸಿ ಮಾಡಿಸುತ್ತಾರಾ, ಬೀಳುವುದು ಹೇಗೆಂದು ಹೇಳಿಕೊಡುತ್ತಾರಾ, ಕೆಳಗೆ ಮ್ಯಾಟ್ ಉಂಟಾ, ನೋವು ಎಂದರೆ ಕೇಳುತ್ತಾರಾ, ಇದನ್ನು ನೋಡಿ ಸೇರಿ. ಇನ್ನು ಆತ್ಮರಕ್ಷಣೆ: ಅಂಕಣದಲ್ಲಿ ಒಬ್ಬನೇ ಎದುರಾಳಿ, ಸಮತಟ್ಟು ನೆಲ, ತೀರ್ಪುಗಾರ ಇರುತ್ತಾರೆ. ದಾರಿಯಲ್ಲಿ ಇದು ಯಾವುದೂ ಇಲ್ಲ. ಅಲ್ಲಿ ಬೊಬ್ಬೆ ಹೊಡೆದು ಜನರಿರುವ ಕಡೆಗೆ ಓಡುವುದೇ ಮೊದಲ ಪಾಠ. ಅದಕ್ಕೂ ಗಟ್ಟಿ ಕಾಲು ಬೇಕು.

ಯೋಚಿಸಿ ಉತ್ತರಿಸಿ

1. ಪಾದದ ವೇಗ ಎರಡು ಪಟ್ಟಾದರೆ ಚಲನಶಕ್ತಿ ಎಷ್ಟು ಪಟ್ಟಾಗುತ್ತದೆ?
2. ಒದೆಯುವಾಗ ಮೇಲಿನ ದೇಹ ಕಾಲು ಚಾಚಿದ ಕಡೆಯ ವಿರುದ್ಧ ದಿಕ್ಕಿಗೆ ವಾಲುವುದು ಯಾಕೆ?
3. ಸಿಮೆಂಟು ನೆಲದಲ್ಲಿ ಬಿದ್ದರೆ ಹೆಚ್ಚು ಪೆಟ್ಟು, ತಾಲೀಮಿನ ಮಣ್ಣಿನಲ್ಲಿ ಕಡಿಮೆ. ಸಂವೇಗ ಮತ್ತು ಸಮಯ ಎಂಬ ಎರಡು ಪದಗಳನ್ನು ಬಳಸಿ ವಿವರಿಸಿ.
4. ನಿಮ್ಮ ಊರಿನ ಕಳರಿ, ತಾಲೀಮು ಅಥವಾ ಕರಾಟೆ ತರಗತಿಗೆ ಹೋಗಿ ಒಂದು ಪಟ್ಟನ್ನು ಗಮನಿಸಿ. ಆಗ ಗುರುತ್ವ ಕೇಂದ್ರ ಎಲ್ಲಿರುತ್ತದೆ, ಆಧಾರ ಎಷ್ಟು ಅಗಲ ಎಂದು ಚಿತ್ರ ಬರೆದು ವಿಜ್ಞಾನ ಪುಸ್ತಕಕ್ಕೆ ಅಂಟಿಸಿ.