ಸೈಕಲ್ಲಿನ ಪೆಡಲು ಅಲುಗಾಡಿದರೆ



ಹಾಲಿನ ಕ್ಯಾನನ್ನು ಡೈರಿಗೆ ಒಯ್ಯಲು, ಹುಲ್ಲಿನ ಹೊರೆ ತರಲು, ತೋಟದವರೆಗೆ ಹೋಗಿ ನೀರು ಕಟ್ಟಿ ಬರಲು ಸೈಕಲ್ಲಿನಂಥ ಆಳು ಇನ್ನೊಂದಿಲ್ಲ. ಮೋಟಾರು ಸೈಕಲ್ಲು ಬಂದ ಮನೆಗಳಲ್ಲಿಯೂ ಗೋಡೆಗೆ ಒರಗಿಸಿಟ್ಟ ಒಂದು ಹಳೆಯ ಸೈಕಲ್ಲು ಇರುವುದುಂಟು. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿದ ಮೇಲೆ ಹಳ್ಳಿಗಳಲ್ಲಿ ಸೈಕಲ್ಲುಗಳು ಇನ್ನೂ ಹೆಚ್ಚಿದವು. ಇಂಥ ಸೈಕಲ್ಲು ಮೂಲೆ ಸೇರಲು ದೊಡ್ಡ ಕಾರಣವೇ ಬೇಕಾಗಿಲ್ಲ. ಪೆಡಲು ತುಳಿದಾಗ ‘ಕಟಕ್’ ಎನ್ನುತ್ತದೆ, ಕಾಲಿಗೆ ಅಲುಗಾಟ ತಿಳಿಯುತ್ತದೆ. ಇವತ್ತು ನಾಳೆ ಎಂದು ಹಾಗೆಯೇ ಓಡಿಸುತ್ತೇವೆ. ಒಂದು ಪಿನ್ನು ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಆಮೇಲೆ ಕ್ರ್ಯಾಂಕ್, ಆಕ್ಸಲ್, ಕಪ್ಪು ಎಲ್ಲವನ್ನೂ ಕೊಳ್ಳಬೇಕಾಗುತ್ತದೆ. ಹಾಲಿನ ಕ್ಯಾನು ಹೇರಿಕೊಂಡು ದಿಣ್ಣೆ ಹತ್ತುವಾಗ ಎದ್ದು ನಿಂತು ತುಳಿಯುತ್ತೀರಿ. ಆಗ ಪಿನ್ನು ಕೈಕೊಟ್ಟರೆ ಹಾಲಿನ ಸಂಗಡ ಮೊಣಕಾಲೂ ಹೋಯಿತು.

ಮೊದಲು ಒಳಗೆ ಏನಿದೆ ಎಂಬುದನ್ನು ತಿಳಿಯೋಣ. ಎರಡು ಪೆಡಲುಗಳ ನಡುವೆ, ಚೌಕಟ್ಟಿನ ಕೆಳಗಡೆ, ಅಡ್ಡಲಾಗಿ ಒಂದು ದಪ್ಪ ಕೊಳವೆ ಇದೆ. ಅಂಗಡಿಯವರು ಇದನ್ನು ಬಿ.ಬಿ. ಎನ್ನುತ್ತಾರೆ. ಅದರೊಳಗೆ ಒಂದು ಆಕ್ಸಲ್. ಆಕ್ಸಲಿನ ಎರಡು ತುದಿಗೂ ಗುಂಡುಗಳು. ಗುಂಡುಗಳನ್ನು ಹಿಡಿದಿರುವ ಎರಡು ಕಪ್ಪುಗಳು. ಆಕ್ಸಲಿಗೆ ಕ್ರ್ಯಾಂಕನ್ನು ಬಿಗಿದಿರುವುದು ಕಾಟರ್ ಪಿನ್ನು. ಇದು ಮೊಳೆಯಲ್ಲ, ಬೆಣೆ. ಇದರ ಒಂದು ಮೈ ಓರೆಯಾಗಿ ಚಪ್ಪಟೆಯಾಗಿರುತ್ತದೆ. ಆಕ್ಸಲಿನಲ್ಲಿಯೂ ಒಂದು ಚಪ್ಪಟೆ ಕಚ್ಚು ಇರುತ್ತದೆ. ಎರಡೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಗುದ್ದಲಿಯ ಕಾವಿಗೆ ಬೆಣೆ ಹೊಡೆಯುತ್ತೀರಲ್ಲ, ಅದೇ ಯುಕ್ತಿ. ಈ ಮಾತನ್ನು ನೆನಪಿಟ್ಟರೆ ಮುಂದಿನ ಅರ್ಧ ಕೆಲಸ ತಾನಾಗಿ ತಿಳಿಯುತ್ತದೆ.

ರೋಗ ಯಾವುದು?

ಸುತ್ತಿಗೆ ಹಿಡಿಯುವ ಮೊದಲು ಅಲುಗಾಟ ಎಲ್ಲಿಂದ ಬಂತೆಂದು ಗೊತ್ತುಮಾಡಿಕೊಳ್ಳಬೇಕು. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎರಡು ಕೈಯಿಂದ ಎರಡು ಕ್ರ್ಯಾಂಕುಗಳ ತುದಿಯನ್ನು ಹಿಡಿಯಿರಿ. ಪೆಡಲನ್ನು ಹಿಡಿಯಬೇಡಿ, ಕ್ರ್ಯಾಂಕನ್ನೇ ಹಿಡಿಯಿರಿ. ಈಗ ಚೌಕಟ್ಟಿನ ಕಡೆಗೂ ಹೊರಗಡೆಗೂ ಅಲುಗಿಸಿ ನೋಡಿ. ಎರಡೂ ಒಟ್ಟಿಗೆ ಅಲುಗಿದರೆ ಕಪ್ಪು ಸಡಿಲವಾಗಿದೆ. ಒಂದು ಮಾತ್ರ ಅಲುಗಿ ಇನ್ನೊಂದು ಸುಮ್ಮನಿದ್ದರೆ ಅಲುಗಿದ ಕಡೆಯ ಕಾಟರ್ ಪಿನ್ನು ಸಡಿಲವಾಗಿದೆ. ಕ್ರ್ಯಾಂಕ್ ಗಟ್ಟಿಯಾಗಿದ್ದು ಪೆಡಲು ಮಾತ್ರ ಓಲಾಡಿದರೆ ತೊಂದರೆ ಪೆಡಲಿನ ಒಳಗಿನ ಗುಂಡುಗಳದು.

ಇನ್ನೊಂದು ಪರೀಕ್ಷೆಯುಂಟು. ಕ್ರ್ಯಾಂಕುಗಳನ್ನು ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ ನಿಲ್ಲಿಸಿ, ಎರಡು ಪೆಡಲನ್ನೂ ಒಟ್ಟಿಗೆ ಕೆಳಕ್ಕೆ ಬಲವಾಗಿ ಒತ್ತಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ‘ಟಕ್’ ಎಂದು ಒಂದು ಕೂದಲೆಳೆಯಷ್ಟು ಜಾರಿದರೂ ಪಿನ್ನು ಸವೆದಿದೆ ಎಂದೇ ತಿಳಿಯಿರಿ. ಪೆಡಲಿನ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬರುವ ಸದ್ದು ಬಹುಪಾಲು ಪಿನ್ನಿನದೇ. ಎರಡು ಸುತ್ತಿಗೂ ಮಿಕ್ಕಿ ತಿರುಗಿದ ಮೇಲೆ ಒಮ್ಮೆ ಬರುವ ಸದ್ದಾದರೆ ಅದು ಚೈನಿನಲ್ಲಿ ಬಿಗಿಯಾದ ಕೊಂಡಿಯದು; ಅದಕ್ಕೆ ಎಣ್ಣೆ ಸಾಕು.

ಕಾಟರ್ ಪಿನ್ನು

ಸವೆದ ಪಿನ್ನಿಗೆ ಡಬ್ಬಿಯ ತಗಡನ್ನು ಕತ್ತರಿಸಿ ತುರುಕುವ ಪದ್ಧತಿ ಅಲ್ಲಲ್ಲಿ ಇದೆ. ಅದು ಒಳ್ಳೆಯದಲ್ಲ. ತಗಡು ನಾಲ್ಕು ದಿನದಲ್ಲಿ ನಜ್ಜುಗುಜ್ಜಾಗಿ, ಕ್ರ್ಯಾಂಕಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆ ಮೇಲೆ ಎಂಥ ಹೊಸ ಪಿನ್ನೂ ಅಲ್ಲಿ ನಿಲ್ಲದು. ಬರಿಯ ನಟ್ಟನ್ನು ಬಿಗಿ ಮಾಡುತ್ತ ಹೋಗುವುದೂ ವ್ಯರ್ಥ. ಬೆಣೆಯನ್ನು ಕೂರಿಸುವುದು ಸುತ್ತಿಗೆಯ ಕೆಲಸ. ಕೂತ ಬೆಣೆ ಹಿಂದಕ್ಕೆ ಜಾರದಂತೆ ತಡೆಯುವುದಷ್ಟೇ ನಟ್ಟಿನ ಕೆಲಸ. ನಟ್ಟಿನಿಂದಲೇ ಎಳೆದರೆ ಅದರ ತಿರುಪು ಹಾಳಾಗುತ್ತದೆ.

ಬಿಚ್ಚುವ ಮೊದಲು ಎರಡು ಪಿನ್ನುಗಳ ನಟ್ಟೂ ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಿಟ್ಟುಕೊಳ್ಳಿ. ಒಂದನ್ನು ಹಿಂದುಮುಂದಾಗಿ ಹಾಕಿದರೆ ಎರಡು ಕ್ರ್ಯಾಂಕುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಕುಂಟನಂತೆ ತುಳಿಯಬೇಕಾಗುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ನಟ್ಟನ್ನು ಸಡಿಲಿಸಿ, ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಮೇಲಕ್ಕೆ ತನ್ನಿ. ಪೂರ್ತಿ ತೆಗೆಯಬೇಡಿ, ತಿರುಪಿಗೆ ಅದೇ ಕಾವಲು. ಈಗ ಕ್ರ್ಯಾಂಕನ್ನು ನಟ್ಟು ಮೇಲೆ ಬರುವಂತೆ ನಿಲ್ಲಿಸಿ, ಕೆಳಗಡೆ ಪಿನ್ನಿನ ದಪ್ಪ ತಲೆಯ ಸುತ್ತ ಬರುವಂತೆ ಒಂದು ಕಬ್ಬಿಣದ ಪೈಪಿನ ತುಂಡನ್ನು ಗಟ್ಟಿ ಕಲ್ಲಿನ ಮೇಲೆ ಊರಿ. ಪೈಪು ಕ್ರ್ಯಾಂಕಿಗೆ ತಾಗಿರಬೇಕು, ಪಿನ್ನಿನ ತಲೆ ಪೈಪಿನ ತೂತಿನೊಳಗೆ ಇಳಿಯುವಂತಿರಬೇಕು.

ಈ ಪೈಪಿನ ತುಂಡನ್ನು ಮಾತ್ರ ಮರೆಯಬೇಡಿ. ಆಧಾರ ಕೊಡದೆ ಹೊಡೆದರೆ ಪ್ರತಿ ಏಟೂ ಆಕ್ಸಲಿನ ಮೂಲಕ ಗುಂಡುಗಳಿಗೆ ಹೋಗುತ್ತದೆ. ಗುಂಡುಗಳು ಕಪ್ಪಿನಲ್ಲಿ ಸಣ್ಣ ಸಣ್ಣ ಗುಳಿ ಒತ್ತುತ್ತವೆ. ಪಿನ್ನು ಸರಿಯಾಯಿತು, ಕಪ್ಪು ಕೆಟ್ಟಿತು ಎಂದಾಗುತ್ತದೆ. ಇನ್ನು ಸುತ್ತಿಗೆ. ಹತ್ತು ಸಣ್ಣ ಏಟಿಗಿಂತ ಭಾರದ ಸುತ್ತಿಗೆಯ ಒಂದು ನೇರ ಏಟು ಮೇಲು. ಸಣ್ಣ ಏಟುಗಳು ತುದಿಯನ್ನು ಬಾಗಿಸುತ್ತವೆ, ಪಿನ್ನನ್ನು ಕದಲಿಸುವುದಿಲ್ಲ.

ಹೊಸ ಪಿನ್ನು ತರುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂಬತ್ತೂವರೆ ಮಿಲಿಮೀಟರಿನದೂ ಉಂಟು, ಒಂಬತ್ತರದೂ ಉಂಟು. ಕಣ್ಣಿಗೆ ಎರಡೂ ಒಂದೇ. ಹಾಕಿ ಎರಡೇಟು ಹೊಡೆದು ಹೊರಕ್ಕೆ ತೆಗೆದು ನೋಡಿದರೆ, ಆಕ್ಸಲಿಗೆ ತಾಗಿದ ಕಡೆ ಹೊಳಪು ಕಾಣುತ್ತದೆ. ಹೊಳಪು ಒಂದೇ ಮೂಲೆಯಲ್ಲಿದ್ದರೆ ಆ ಮೂಲೆಯನ್ನು ಅರದಿಂದ ಉಜ್ಜಿ, ಚಪ್ಪಟೆ ಮೈಯೆಲ್ಲ ತಾಗುವಂತೆ ಮಾಡಿ. ಓರೆ ಕೆಡದಂತೆ ಉಜ್ಜಬೇಕು, ಅವಸರ ಸಲ್ಲದು. ಸರಿಹೊಂದಿದ ಮೇಲೆ ಅದೇ ಪೈಪಿನ ಆಧಾರ ಕೊಟ್ಟು ತಲೆಯ ಕಡೆಯಿಂದ ಹೊಡೆದು ಕೂರಿಸಿ, ವಾಷರ್ ಹಾಕಿ, ನಟ್ಟು ಬಿಗಿಯಿರಿ.

ಕಪ್ಪು

ಎರಡೂ ಕ್ರ್ಯಾಂಕು ಒಟ್ಟಿಗೆ ಅಲುಗುತ್ತಿದ್ದರೆ ಪಿನ್ನಿನ ಗೊಡವೆಗೆ ಹೋಗಬೇಕಾಗಿಲ್ಲ. ಸಾಮಾನ್ಯವಾಗಿ ಕ್ರ್ಯಾಂಕನ್ನು ಬಿಚ್ಚದೆಯೇ ಇದನ್ನು ಸರಿಮಾಡಬಹುದು. ಎಡಗಡೆಯ ಕಪ್ಪಿನ ಸುತ್ತ ಕಚ್ಚುಗಳಿರುವ ಒಂದು ಬಳೆಯಿದೆ, ಅದು ಲಾಕ್ ರಿಂಗು. ಅದನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸಡಿಲಿಸಿ. ಕೊಕ್ಕೆ ಸ್ಪ್ಯಾನರ್ ಇಲ್ಲದಿದ್ದರೆ ಕಚ್ಚಿಗೆ ಮೊಂಡು ಉಳಿಯನ್ನಿಟ್ಟು ಮೆಲ್ಲಗೆ ತಟ್ಟಬಹುದು. ಬಳಿಕ ಕಪ್ಪನ್ನು ಬಲಕ್ಕೆ ತಿರುಗಿಸುತ್ತ ಬಂದರೆ ಅಲುಗಾಟ ಕಡಿಮೆಯಾಗುತ್ತದೆ. ತಿರುಗುವುದು ಬಿಗಿಯಾಯಿತೆಂದು ಕೈಗೆ ತಿಳಿದ ಕೂಡಲೆ ನಿಲ್ಲಿಸಿ, ಸುಮಾರು ಅರೆಕಾಲು ಸುತ್ತು ಹಿಂದಕ್ಕೆ ತನ್ನಿ. ಕಪ್ಪು ಕದಲದಂತೆ ಹಿಡಿದು ಲಾಕ್ ರಿಂಗನ್ನು ಬಿಗಿಯಿರಿ. ರಿಂಗು ಬಿಗಿಯುವಾಗ ಕಪ್ಪನ್ನು ಒಂದಿಷ್ಟು ಹೊರಕ್ಕೆ ಎಳೆಯುತ್ತದೆ. ಆದ್ದರಿಂದ ಮತ್ತೆ ಅಲುಗಿಸಿ ನೋಡಲೇಬೇಕು. ಒಂದೇ ಸಾರಿಗೆ ಕೂಡಿಬರುವುದು ಅಪರೂಪ.

ಚೈನನ್ನು ಕಳಚಿ ಕ್ರ್ಯಾಂಕನ್ನು ತಿರುಗಿಸಿದಾಗ ಅದು ಸರಾಗವಾಗಿ ಸುತ್ತಿ ತಾನಾಗಿ ಮೆಲ್ಲಗೆ ನಿಲ್ಲಬೇಕು. ತುದಿಯಲ್ಲಿ ಅಲುಗಾಟವೂ ಇರಬಾರದು. ಅತಿಯಾಗಿ ಬಿಗಿದರೆ ಗುಂಡುಗಳು ಉರುಳದೆ ಉಜ್ಜುತ್ತವೆ, ಕಪ್ಪು ಬೇಗ ಸವೆಯುತ್ತದೆ. ಎಷ್ಟು ಹೊಂದಿಸಿದರೂ ಒಂದು ಕಡೆ ಬಿಗಿ, ಅರ್ಧ ಸುತ್ತಿನಾಚೆ ಸಡಿಲ ಎಂದು ಕಂಡರೆ, ಅಥವಾ ಒಳಗೆ ಮರಳು ಅರೆದಂತೆ ಸದ್ದಾದರೆ, ಬಿಚ್ಚಿ ತೊಳೆಯದೆ ಗತಿಯಿಲ್ಲ.

ಬಿಚ್ಚಿದಾಗ ಎಲ್ಲವನ್ನೂ ಡೀಸೆಲಿನಲ್ಲಿ ತೊಳೆಯಿರಿ. ಟ್ರ್ಯಾಕ್ಟರಿಗೆ ತಂದದ್ದರಲ್ಲಿ ಒಂದು ಬಟ್ಟಲು ಸಾಕು. ಕಪ್ಪಿನಲ್ಲೂ ಆಕ್ಸಲಿನಲ್ಲೂ ಗುಂಡು ಓಡಿದ ಜಾಡು ಹೊಳೆಯುವ ಗೆರೆಯಾಗಿದ್ದರೆ ಚಿಂತೆಯಿಲ್ಲ. ಪೆನ್ನಿನ ತುದಿಯನ್ನು ಎಳೆದಾಗ ಗುಳಿಗೆ ಸಿಕ್ಕಿಕೊಂಡರೆ ಆ ಭಾಗವನ್ನು ಬದಲಿಸಿ. ಬಿಡಿ ಗುಂಡುಗಳಾದರೆ ಸಾಮಾನ್ಯವಾಗಿ ಕಡೆಗೆ 11ರಂತೆ ಕಾಲು ಅಂಗುಲದ 22 ಗುಂಡುಗಳು ಹಿಡಿಯುತ್ತವೆ. ಹಳೆಯದರ ಜೊತೆಗೆ ನಾಲ್ಕು ಹೊಸದನ್ನು ಬೆರೆಸಬೇಡಿ. ಸವೆಯದ ಹೊಸ ಗುಂಡು ಕೂದಲೆಳೆಯಷ್ಟು ದೊಡ್ಡದು, ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಕಪ್ಪಿಗೆ ಗ್ರೀಸು ಮೆತ್ತಿ ಗುಂಡುಗಳನ್ನು ಅಂಟಿಸಿ, ಆಕ್ಸಲನ್ನು ಹಾಕಿ. ಆಕ್ಸಲಿನ ಉದ್ದ ತುದಿ ಚೈನ್ ವೀಲಿನ ಕಡೆಗೆ, ಅಂದರೆ ಬಲಕ್ಕೆ ಬರಬೇಕು.

ಬಲಗಡೆಯ ಕಪ್ಪನ್ನು ಕಾರಣವಿಲ್ಲದೆ ಕದಲಿಸಬೇಡಿ, ಚೌಕಟ್ಟಿನಲ್ಲೇ ಇಟ್ಟು ಒರೆಸಿದರೆ ಸಾಕು. ತೆಗೆಯಲೇಬೇಕಾದರೆ ಒಂದು ಸಂಗತಿ ತಿಳಿದಿರಲಿ. ಎಡ ಪೆಡಲಿಗೆ ಉಲ್ಟಾ ತಿರುಪು ಇರುವುದು ನಿಮಗೆ ಗೊತ್ತೇ ಇದೆ. ಕಪ್ಪುಗಳಲ್ಲಿ ಬಲಗಡೆಯದಕ್ಕೆ ಉಲ್ಟಾ ತಿರುಪು. ತುಳಿತದ ಭಾರವು ಕಪ್ಪನ್ನು ಆಕ್ಸಲ್ ತಿರುಗುವ ದಿಕ್ಕಿಗೆ ಎದುರಾಗಿ ಸ್ವಲ್ಪ ಸ್ವಲ್ಪವೇ ಜರುಗಿಸುತ್ತಿರುತ್ತದೆ. ಹಾಗೆ ಜರುಗಿದಾಗ ಕಪ್ಪು ಬಿಚ್ಚಿಕೊಳ್ಳದೆ ಬಿಗಿಯಾಗಲೆಂದು ಈ ಏರ್ಪಾಡು. ಇದನ್ನರಿಯದೆ ಎಡಕ್ಕೆ ತಿರುಗಿಸಿ ತಿರುಗಿಸಿ ಕಪ್ಪನ್ನು ಇನ್ನಷ್ಟು ಬಿಗಿದವರುಂಟು.

ಕಾಟರ್ ಪಿನ್ನಿಲ್ಲದೆ ಚೌಕ ಆಕ್ಸಲಿಗೆ ಬೋಲ್ಟಿನಿಂದ ಕ್ರ್ಯಾಂಕ್ ಬಿಗಿದಿರುವ ಹೊಸ ಮಾದರಿಯ ಸೈಕಲ್ಲುಗಳೂ ಬಂದಿವೆ. ಅವುಗಳಲ್ಲಿ ಬೋಲ್ಟು ಸಡಿಲವಾದ ದಿನವೇ ಬಿಗಿಯಬೇಕು. ಕ್ರ್ಯಾಂಕ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಚೌಕ ತೂತು ಬಲುಬೇಗ ಸವೆದು, ಮತ್ತೆಂದೂ ಬಿಗಿಯಾಗಿ ಕೂರುವುದಿಲ್ಲ.

ಹೊಸ ಕಾಟರ್ ಪಿನ್ನು ಹಾಕಿದ ಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿಸಿ, ಮತ್ತೆ ಪೈಪಿನ ಆಧಾರ ಕೊಟ್ಟು ಒಂದೇಟು ಹಾಕಿ ನಟ್ಟನ್ನು ಬಿಗಿಯಿರಿ. ಬೆಣೆ ಭಾರಕ್ಕೆ ಇನ್ನಷ್ಟು ಒಳಕ್ಕೆ ಕೂತು ನಟ್ಟು ಸಡಿಲವಾಗಿರುತ್ತದೆ. ಹಳ್ಳ ದಾಟಿಸಿದ ಅಥವಾ ಕೆರೆಯಲ್ಲಿ ತೊಳೆದ ಸೈಕಲ್ಲಿನ ಬಿ.ಬಿ.ಯೊಳಗೆ ನೀರು ನಿಲ್ಲುತ್ತದೆ, ಸೀಟಿನ ಕೊಳವೆಯಿಂದ ಮಳೆನೀರೂ ಅಲ್ಲಿಗೇ ಇಳಿಯುತ್ತದೆ. ಹಳೆಯ ಸೈಕಲ್ಲುಗಳಲ್ಲಿ ಬಿ.ಬಿ. ಕೊಳವೆಯ ಮೇಲೆ ಮುಚ್ಚಳವಿರುವ ಸಣ್ಣ ಎಣ್ಣೆ ತೂತು ಇರುತ್ತದೆ. ಮಳೆಗಾಲ ಮುಗಿದ ಕೂಡಲೆ ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಡಿ; ತೂತಿಲ್ಲದ ಸೈಕಲ್ಲಾದರೆ ವರ್ಷಕ್ಕೊಮ್ಮೆ ಎಡಗಡೆಯ ಕಪ್ಪು ಬಿಚ್ಚಿ ಗ್ರೀಸು ಬದಲಿಸಿ.