ಸಕ್ಕರೆ ಕಾಯಿಲೆ ಮತ್ತು ಸೋತ ಮನಸ್ಸು

ಇಟಗಿಯಲ್ಲಾಗಲಿ, ಕುಕನೂರು, ಯಲಬುರ್ಗಾ, ಕುಷ್ಟಗಿಗಳಲ್ಲಾಗಲಿ, ನಮ್ಮ ಕಡೆಯ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಮನೆಯ ಯಜಮಾನರಿಗೆ ಐವತ್ತೈದರ ಪ್ರಾಯ. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊದಮೊದಲು ಅವರು ಗುಳಿಗೆಗಳನ್ನು ತಪ್ಪದೆ ನುಂಗುತ್ತಿದ್ದರು, ರೊಟ್ಟಿಯನ್ನು ಎಣಿಸಿ ತಿನ್ನುತ್ತಿದ್ದರು, ಮಸೀದಿಗೆ ನಡೆದೇ ಹೋಗುತ್ತಿದ್ದರು. ಈಗ ಕೆಲವು ತಿಂಗಳುಗಳಿಂದ ಫಜ್ರ್‌ಗೆ ಏಳುವುದಿಲ್ಲ. ಅಂಗಡಿಗೆ ಹೋಗಲು ಮನಸ್ಸಿಲ್ಲ. ಮೊಮ್ಮಕ್ಕಳ ಗಲಾಟೆಗೆ ಸಿಡುಕುತ್ತಾರೆ. ಗುಳಿಗೆ ತೆಗೆದುಕೊಂಡಿರಾ ಎಂದು ಪತ್ನಿ ಕೇಳಿದರೆ, “ತಗೊಂಡು ಏನಾಗಬೇಕಾಗಿದೆ?” ಎನ್ನುತ್ತಾರೆ.

ಮನೆಯವರ ಪ್ರತಿಕ್ರಿಯೆಯೇನು? “ಅಬ್ಬಾ ಬಾಯಿ ಕಟ್ಟಿದ್ದರೆ ಹೀಗೇಕೆ ಆಗುತ್ತಿತ್ತು?” ಎಂದು ಮಗನು ಹೇಳುತ್ತಾನೆ. “ಈಮಾನ್ ದುರ್ಬಲವಾದಾಗ ಹೀಗೆಯೇ” ಎಂದು ಬಂಧುಗಳಲ್ಲೊಬ್ಬರು ತೀರ್ಪು ನೀಡುತ್ತಾರೆ. ಅದೇ ವ್ಯಕ್ತಿಯ ಕಾಲಿಗೆ ಗಾಯವಾಗಿದ್ದರೆ ಇವರೆಲ್ಲರೂ ಸೇರಿ ಅವರನ್ನು ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಮನಸ್ಸಿಗೆ ಗಾಯವಾದಾಗ ಮಾತ್ರ ನಾವು ವೈದ್ಯರನ್ನು ಹುಡುಕುವುದಿಲ್ಲ, ಅಪರಾಧಿಯನ್ನು ಹುಡುಕುತ್ತೇವೆ. ಇದು ಸರಿಯೇ? ಈ ಕುರಿತು ಸ್ವಲ್ಪ ಚಿಂತಿಸೋಣ.

ಎರಡು ಹೊರೆಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಈ ಕಾಯಿಲೆ ಇರುವವರಲ್ಲಿ ಖಿನ್ನತೆಯು ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇದು ಆಕಸ್ಮಿಕವಲ್ಲ. ಮನಸ್ಸು ನೊಂದಾಗ ಶರೀರದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್‌ನಂತಹ ರಸಗಳು ಹೆಚ್ಚುತ್ತವೆ. ಅವು ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತವೆ. ಸಕ್ಕರೆ ಏರಿದಾಗ ನಿದ್ದೆ ಕೆಡುತ್ತದೆ, ಆಯಾಸ ಹೆಚ್ಚುತ್ತದೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಕುಗ್ಗಿದ ಮನಸ್ಸಿನವನು ಗುಳಿಗೆಯನ್ನೂ ನಡಿಗೆಯನ್ನೂ ಬಿಡುತ್ತಾನೆ. ಹೀಗೆ ಒಂದು ಹೊರೆ ಇನ್ನೊಂದನ್ನು ಭಾರವಾಗಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಅರಿತಿರಬೇಕು. ದಿನವೂ ಸೂಜಿ, ದಿನವೂ ಪಥ್ಯ, ಕಣ್ಣು ಹೋದೀತೇ, ಕಾಲು ಕತ್ತರಿಸಬೇಕಾದೀತೇ, ಮೂತ್ರಪಿಂಡ ಕೆಟ್ಟೀತೇ ಎಂಬ ಭಯ – ಇವುಗಳಿಂದ ಬರುವ ಬೇಸರವೇ ಒಂದು. ಅಮೆರಿಕದ ಸಂಶೋಧಕರು 1995ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅಂದಿನಿಂದ ವೈದ್ಯರು ಇದನ್ನು ಪ್ರತ್ಯೇಕವಾಗಿ ಗುರುತಿಸುತ್ತಾ ಬಂದಿದ್ದಾರೆ. ಕಾಯಿಲೆಯ ಕುರಿತು ಸರಿಯಾದ ತಿಳುವಳಿಕೆ ಮತ್ತು ಮನೆಯವರ ಬೆಂಬಲ ದೊರೆತರೆ ಇದು ಬಹಳಷ್ಟು ಹಗುರವಾಗುತ್ತದೆ. ಖಿನ್ನತೆಯು ಇನ್ನೊಂದು. ಅದು ಕಾಯಿಲೆಯ ವಿಷಯಕ್ಕಷ್ಟೇ ಸೀಮಿತವಾಗಿರದೆ ಇಡೀ ಬದುಕನ್ನು ಆವರಿಸುತ್ತದೆ. ಅದಕ್ಕೆ ಚಿಕಿತ್ಸೆ ಬೇಕು.

ದುಃಖವು ಈಮಾನಿನ ಕೊರತೆಯೇ?

ದೃಢವಿಶ್ವಾಸವಿರುವವನ ಮನಸ್ಸು ಕುಗ್ಗಲಾರದೆಂದು ಅನೇಕರು ಭಾವಿಸಿದ್ದಾರೆ. ಆದರೆ ಪವಿತ್ರ ಕುರ್‌ಆನ್ ನಮಗೆ ತೋರಿಸುವ ಚಿತ್ರ ಬೇರೆಯೇ ಆಗಿದೆ. ಪ್ರವಾದಿ ಯಅ್‌ಕೂಬ್(ಅ)ರು ಮಗನ ಅಗಲಿಕೆಯಿಂದ ಅತ್ತು ಅತ್ತು ಅವರ ಕಣ್ಣುಗಳು ಬೆಳ್ಳಗಾದವು. ಮನೆಯವರು ಅವರನ್ನು ಆಕ್ಷೇಪಿಸಿದಾಗ, ತನ್ನ ದುಃಖವನ್ನು ತಾನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತಿರುವೆನೆಂದು ಅವರು ಉತ್ತರಿಸಿದರು. ಉತ್ತಮ ಸಹನೆಯ ಮಾತು ಬಂದದ್ದೂ ಅದೇ ಪ್ರವಾದಿಯ ಬಾಯಿಯಿಂದಲೇ! ಸಹನೆಯೂ ಕಣ್ಣೀರೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ?

ಹ. ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವು ಚರಿತ್ರೆಯಲ್ಲಿ ‘ದುಃಖದ ವರ್ಷ’ವೆಂದೇ ಹೆಸರಾಯಿತು. ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಯಾಚಿಸುವ ಪ್ರಾರ್ಥನೆಯನ್ನು ಪ್ರವಾದಿವರ್ಯರು(ಸ) ಆಗಾಗ ಮಾಡುತ್ತಿದ್ದರೆಂದು ಬುಖಾರಿಯಲ್ಲಿದೆ. ಸತ್ಯವಿಶ್ವಾಸಿಯನ್ನು ದುಃಖವು ತಟ್ಟುವುದೇ ಇಲ್ಲವೆಂದಾಗಿದ್ದರೆ ಈ ಪ್ರಾರ್ಥನೆಯ ಅಗತ್ಯವಾದರೂ ಏನಿತ್ತು?

ಇನ್ನು ಹ. ಮರ್ಯಮ್(ಅ)ರನ್ನು ನೆನೆಯಿರಿ. ಪ್ರಸವ ವೇದನೆಯಿಂದ, ಒಂಟಿತನದಿಂದ, ಜನರ ನಾಲಿಗೆಯ ಭಯದಿಂದ ಬಳಲಿದ ಆ ಮಹಾಮಾತೆ, ತಾನು ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ನುಡಿದರು. ಅಲ್ಲಾಹನು ಆ ಮಾತಿಗಾಗಿ ಅವರನ್ನು ಗದರಿಸಲಿಲ್ಲ. ದುಃಖಿಸಬೇಡವೆಂಬ ಸಾಂತ್ವನ ಬಂತು. ಕಾಲ ಬಳಿ ನೀರಿನ ಹೊಳೆ ಹರಿಯಿತು, ತಾಜಾ ಖರ್ಜೂರ ಉದುರಿತು, ತಿಂದು ಕುಡಿದು ಕಣ್ಣು ತಂಪು ಮಾಡಿಕೊಳ್ಳುವಂತೆ ಆದೇಶವಾಯಿತು. (ಸೂರಾ ಮರ್ಯಮ್: 23-26) ಬಳಲಿದ ಮನಸ್ಸಿನೊಂದಿಗೆ ಹೇಗೆ ವರ್ತಿಸಬೇಕೆಂಬುದರ ಪಾಠ ಇಲ್ಲಿದೆ. ಮೊದಲು ಸಾಂತ್ವನ, ಬಳಿಕ ಶರೀರದ ಅಗತ್ಯ. ಆಕ್ಷೇಪಕ್ಕೆ ಅಲ್ಲಿ ಎಡೆಯೇ ಇಲ್ಲ.

ಅರಿಯದೆ ನೀಡುವ ತೀರ್ಪು

ಒಂದು ಪ್ರಯಾಣದಲ್ಲಿ ಸಹಾಬಿಯೊಬ್ಬರ ತಲೆಗೆ ಕಲ್ಲು ತಗಲಿ ಗಾಯವಾಯಿತು. ಬಳಿಕ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕೇ ಎಂದು ಅವರು ಜೊತೆಗಾರರನ್ನು ಕೇಳಿದರು. ನೀರಿರುವಾಗ ರಿಯಾಯಿತಿಯಿಲ್ಲವೆಂದು ಅವರು ಹೇಳಿದರು. ಅವರು ಸ್ನಾನ ಮಾಡಿದರು, ತೀರಿಕೊಂಡರು. ವಿಷಯ ತಿಳಿದ ಪ್ರವಾದಿ(ಸ)ರು ತೀವ್ರವಾಗಿ ನೊಂದುಕೊಂಡು, ಆತನನ್ನು ಕೊಂದವರು ಆ ಜೊತೆಗಾರರೇ ಎಂದರು. ಅರಿಯದವರು ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದೇ ಆಗಿದೆ ಎಂದು ಎಚ್ಚರಿಸಿದರು. (ಅಬೂದಾವೂದ್)

ರೋಗಿಯ ಈಮಾನನ್ನು ಅಳೆಯುವ ನಮ್ಮ ನಾಲಿಗೆಗೆ ಈ ಹದೀಸ್ ಕಡಿವಾಣವಾಗಬೇಕು. ವಿಶೇಷವಾಗಿ ರಮಝಾನಿನಲ್ಲಿ. 2001ರಲ್ಲಿ 13 ದೇಶಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ವಯಸ್ಕರಲ್ಲಿ ಸಾಮಾನ್ಯವಾದ ಎರಡನೆಯ ಬಗೆಯ ಸಕ್ಕರೆ ಕಾಯಿಲೆಯಿದ್ದ ಮುಸ್ಲಿಮರ ಪೈಕಿ ಶೇಕಡಾ 79 ಮಂದಿ ಕನಿಷ್ಠ 15 ದಿನ ಉಪವಾಸವಿದ್ದುದು ತಿಳಿದುಬಂತು. ಇವರಲ್ಲಿ ಅನೇಕರು ವೈದ್ಯರ ಸಲಹೆಯಂತೆ ಕ್ಷೇಮವಾಗಿ ಉಪವಾಸವಿರಬಲ್ಲವರು. ಆದರೆ ಕೆಲವರಿಗೆ ಅದು ಪ್ರಾಣಾಪಾಯ. ವೈದ್ಯರು ಬೇಡವೆಂದರೂ ಅವರು ಉಪವಾಸವಿರುತ್ತಾರೆ. ಇಲ್ಲವೇ ಉಪವಾಸ ಬಿಟ್ಟು, ಮನೆಯವರೆಲ್ಲ ಇಫ್ತಾರಿಗೆ ಕುಳಿತಾಗ ಅಪರಾಧಿಯಂತೆ ಮೂಲೆ ಸೇರುತ್ತಾರೆ. ರೋಗಿಗೆ ವಿನಾಯಿತಿ ನೀಡಿದವನು ಅಲ್ಲಾಹನೇ ಎಂದ ಮೇಲೆ ಇದೇಕೆ? ತಾನು ನಿಮಗೆ ಸೌಲಭ್ಯವನ್ನು ಬಯಸುತ್ತೇನೆ, ಕಷ್ಟವನ್ನಲ್ಲ ಎಂದು ಅವನು ಅದೇ ಸಂದರ್ಭದಲ್ಲಿ ತಿಳಿಸಿರುವನು. (ಅಲ್ ಬಕರಃ: 185) ಗುಣವಾಗುವ ಆಶೆಯಿಲ್ಲದವರಿಗೆ ಫಿದ್ಯದ ದಾರಿಯಿದೆ. ಉಪವಾಸದಲ್ಲಿರುವಾಗ ಬೆರಳಿಗೆ ಸೂಜಿ ಚುಚ್ಚಿ ರಕ್ತ ಪರೀಕ್ಷಿಸಬಹುದು. ಅದರಿಂದ ಉಪವಾಸ ಮುರಿಯುವುದಿಲ್ಲ. ಸಕ್ಕರೆಯ ಪ್ರಮಾಣ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ದಾಟಿದರೆ ಕೂಡಲೇ ಉಪವಾಸ ಬಿಡಬೇಕೆಂದು ವೈದ್ಯರು ಹೇಳುತ್ತಾರೆ.

ಮನೆಯವರ ಹೊಣೆ

ಊಟದ ತಟ್ಟೆಯ ಮೇಲೆ ಕಾವಲು ಕೂರುವುದು ಪ್ರೀತಿಯಲ್ಲ. ಈದಿನಂದು ಎಲ್ಲರಿಗೂ ಶೀರ್ ಖುರ್ಮಾ ಬಡಿಸಿ, ಒಬ್ಬರ ಕೈಯಿಂದ ಬಟ್ಟಲನ್ನು ಕಸಿಯುವುದು ಆ ಮನಸ್ಸಿಗೆ ಮಾಡುವ ಗಾಯ. ಎಲ್ಲರಿಗೂ ಸಕ್ಕರೆ ಕಡಿಮೆ ಮಾಡಿ ಅಡುಗೆ ಮಾಡಿದರೆ, ಎಲ್ಲರೂ ಸಂಜೆ ಜೊತೆಯಾಗಿ ಅರ್ಧ ಗಂಟೆ ನಡೆದರೆ, ಅದು ಕಾಯಿಲೆಯನ್ನು ಹಂಚಿಕೊಂಡಂತೆ.

ಇನ್ನೊಂದು ಎಚ್ಚರಿಕೆ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಠಾತ್ತನೆ ಬೆವರಿ, ನಡುಗಿ, ಗಾಬರಿಗೊಂಡು, ಕಾರಣವಿಲ್ಲದೆ ಕೋಪಗೊಂಡು ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ಸ್ವಭಾವವೆಂದೋ ಜಿನ್ನ್‌ಗಳ ಬಾಧೆಯೆಂದೋ ತಿಳಿಯಬೇಡಿರಿ. ರಕ್ತದಲ್ಲಿ ಸಕ್ಕರೆ ಕುಸಿದಿರಬಹುದು. ಕೂಡಲೇ ಪರೀಕ್ಷಿಸಿರಿ. ಪರೀಕ್ಷೆಗೆ ಸಾಧನವಿಲ್ಲದಿದ್ದರೆ ಮೂರ್ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿರಿ. ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಚಿಕಿತ್ಸೆ ಎಲ್ಲಿದೆ?

ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನಗಳು ಮನಸ್ಸು ಕುಗ್ಗಿ, ನಿರಾಶೆ ಕವಿದಿತ್ತೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿಯೇ ಉಳಿದಿಲ್ಲವೇ? ಒಂದಕ್ಕಾದರೂ ಉತ್ತರ ಹೌದೆಂದಾದರೆ ವೈದ್ಯರಲ್ಲಿ ಹೇಳಿರಿ. ಸಕ್ಕರೆಗೆ ಔಷಧಿ ಕೊಡುವ ವೈದ್ಯರಲ್ಲೇ ಆರಂಭಿಸಬಹುದು.

ಮನೋರೋಗದ ಚಿಕಿತ್ಸೆ ದೊಡ್ಡ ನಗರದವರಿಗೆ ಮಾತ್ರ ಎಂಬ ಕಾಲ ಹೋಯಿತು. ಅದನ್ನು ಹಳ್ಳಿಗಳಿಗೆ ತಲುಪಿಸುವ ಪ್ರಯೋಗವು 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ ಅವರಿಂದಲೇ ಚಿಕಿತ್ಸೆ ಕೊಡಿಸಲಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರ ಅಕ್ಟೋಬರ್‌ನಿಂದ ‘ಟೆಲಿ ಮಾನಸ್’ ಎಂಬ ಉಚಿತ ಸೇವೆಯೂ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲೇ ಮಾತನಾಡಬಹುದು.

ಇದರಿಂದ ಪ್ರಯೋಜನವಿದೆಯೇ? ಬೆಂಗಳೂರೂ ಸೇರಿದಂತೆ ನಮ್ಮ ದೇಶದ ನಾಲ್ಕು ನಗರಗಳಲ್ಲಿ, ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಜನರ ಮೇಲೆ ನಡೆದ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ತರಬೇತಾದ ಸಹಾಯಕರು ರೋಗಿಗಳನ್ನು ಬಿಡದೆ ವಿಚಾರಿಸಿಕೊಳ್ಳುತ್ತಾ, ಎರಡೂ ಕಾಯಿಲೆಗಳನ್ನು ಜೊತೆಯಾಗಿ ನೋಡಿಕೊಂಡರು. ಎರಡು ವರ್ಷಗಳ ಬಳಿಕ, ಖಿನ್ನತೆ ಅರ್ಧದಷ್ಟಾದರೂ ಇಳಿದು ಅದರ ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇಕಡಾ 57. ಎರಡನೆಯದರಲ್ಲಿ ಸುಮಾರು 72. ವಿಚಾರಿಸಿಕೊಳ್ಳುವವರಿದ್ದರೆ ಮನಸ್ಸೂ ಶರೀರವೂ ಒಟ್ಟಿಗೆ ಚೇತರಿಸುತ್ತವೆ.

ಮನಸ್ಸಿನ ಔಷಧಿಯು ಕೆಲವು ವಾರಗಳ ಬಳಿಕವಷ್ಟೇ ಪರಿಣಾಮ ಬೀರುತ್ತದೆ; ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿರಿ. ಕೆಲವು ಔಷಧಿಗಳು ಸಕ್ಕರೆಯನ್ನು ಏರಿಸುವುದರಿಂದ ನಿಮ್ಮ ಕಾಯಿಲೆಯ ವಿಷಯವನ್ನು ಮನೋವೈದ್ಯರಿಗೆ ಮೊದಲೇ ತಿಳಿಸಿರಿ. ದುಆ, ದಿಕ್ರ್, ಕುರ್‌ಆನ್ ಪಾರಾಯಣ ಜೊತೆಗಿರಲಿ. ಅವು ಔಷಧಿಯ ವಿರೋಧಿಗಳಲ್ಲ. ಅಲ್ಲಾಹನು ಔಷಧಿಯಿಲ್ಲದ ಯಾವ ರೋಗವನ್ನೂ ಇಳಿಸಿಲ್ಲವೆಂದು ತಿಳಿಸಿದವರು ಪ್ರವಾದಿ(ಸ)ರೇ.

ಯಾರಾದರೂ “ಬದುಕಿ ಏನು ಪ್ರಯೋಜನ” ಎಂದರೆ ಅದನ್ನು ಹಗುರವಾಗಿ ಕಾಣಬೇಡಿರಿ, ನರಕದ ಭಯ ತೋರಿಸಿ ಬಾಯಿ ಮುಚ್ಚಿಸಲೂ ಬೇಡಿರಿ. ಜೀವ ಅಲ್ಲಾಹನ ಅಮಾನತ್ತು ನಿಜ; ಆ ಅಮಾನತ್ತನ್ನು ಕಾಯುವ ಹೊಣೆ ಪಕ್ಕದಲ್ಲಿರುವವರ ಮೇಲೂ ಇದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ. ಇನ್ಸುಲಿನ್ ಮತ್ತು ಗುಳಿಗೆಗಳು ಮನೆಯ ಬೇರೊಬ್ಬರ ಕೈಯಲ್ಲಿರಲಿ. ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ.

ಸಹೋದರ ಸಹೋದರಿಯರೇ, ಮೊದಲು ಕಂಡ ಆ ಮನೆಗೆ ಮರಳೋಣ. ಇಂದು ಇಶಾ ನಮಾಝಿನ ಬಳಿಕ ಮಗನು ಅಬ್ಬಾರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಗುಳಿಗೆಯ ವಿಷಯವನ್ನಾಗಲಿ ಊಟದ ವಿಷಯವನ್ನಾಗಲಿ ಎತ್ತದೆ, “ಅಬ್ಬಾ, ಮನಸ್ಸಿಗೆ ಹೇಗಿದೆ?” ಎಂದಷ್ಟೇ ಕೇಳಲಿ. ಬಳಿಕ ಸುಮ್ಮನಿದ್ದು ಕಿವಿಗೊಡಲಿ. ರೋಗಿಯ ಸಂದರ್ಶನವು ನಮ್ಮ ಮೇಲಿರುವ ಹಕ್ಕೆಂದು ಕಲಿತವರು ನಾವು. ಆ ರೋಗಿ ನಮ್ಮ ಮನೆಯೊಳಗೇ ಇರುವಾಗ ಹಕ್ಕು ಇನ್ನೂ ದೊಡ್ಡದಲ್ಲವೇ?

ಅಲ್ಲಾಹನು ನಮ್ಮ ರೋಗಿಗಳಿಗೆ ಶರೀರದ ಮತ್ತು ಮನಸ್ಸಿನ ಶಿಫಾ ನೀಡಲಿ. ಅವರ ಹೊರೆಯನ್ನು ಹಗುರಗೊಳಿಸುವ ಮೃದು ನಾಲಿಗೆಯನ್ನು ನಮಗೆ ಅನುಗ್ರಹಿಸಲಿ. ಆಮೀನ್.