ಗೋಡೆ ಮತ್ತು ಬಾಗಿಲು

ಇಷ್ಟಲಿಂಗವು ಅಂಗದ ಮೇಲೆಯೇ ನೆಲೆಗೊಂಡಿರುವುದರಿಂದ ಶರಣನಿಗೂ ದೇವನಿಗೂ ನಡುವೆ ಗರ್ಭಗುಡಿಯ ಗೋಡೆಯಿಲ್ಲ. ದೇವನೊಡನೆ ಗೋಡೆಯಿಲ್ಲದವನು ನೆರೆಯವನೊಡನೆ ಗೋಡೆ ಕಟ್ಟಿಕೊಳ್ಳಬಹುದೆ? ಇದೇ ಈ ಪಾಠದ ವಿಚಾರ.

ಮೊದಲು ದೂರದೇಶದ ಒಂದು ದೃಷ್ಟಾಂತ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಒಬ್ಬನೇ ಏಸುವನ್ನು ಆರಾಧಿಸುವವರು. ಆದರೂ 1969ರಲ್ಲಿ ಅವರಲ್ಲಿ ಘೋರವಾದ ಗಲಭೆಯೆದ್ದಿತು. ಫಾಲ್ಸ್ ಮತ್ತು ಶಾಂಕಿಲ್ ಎಂಬ ಕೇರಿಗಳ ನಡುವೆ ಸೈನಿಕರು ತಾತ್ಕಾಲಿಕವೆಂದು ಬೇಲಿ ಹಾಕಿದರು. ಬೇಲಿ ಗೋಡೆಯಾಯಿತು, ಗೋಡೆ ಎತ್ತರವಾಯಿತು, ಅದಕ್ಕೆ ‘ಶಾಂತಿಗೋಡೆ’ಯೆಂಬ ಹೆಸರೂ ಬಂದಿತು. 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. 2023ರೊಳಗಾಗಿ ಗೋಡೆಗಳನ್ನೆಲ್ಲ ತೆಗೆಯುವುದಾಗಿ ಅಲ್ಲಿಯ ಸರಕಾರ 2013ರಲ್ಲಿ ಸಾರಿತು. ಆ ವರ್ಷವೂ ಕಳೆಯಿತು. ಹಲವು ಗೋಡೆಗಳು ಇನ್ನೂ ನಿಂತಿವೆ. ಗೋಡೆಯು ಕಲ್ಲೇಟನ್ನು ತಡೆದುದು ದಿಟ. ಭಯವನ್ನು ಮಾತ್ರ ಕಳೆಯಲಿಲ್ಲ. ಕಣ್ಣಿಗೆ ಕಾಣದ ನೆರೆಯವನು ಕಂಡವನಿಗಿಂತ ಹೆಚ್ಚು ಭಯಂಕರನಲ್ಲವೆ?

ಇನ್ನು ಸಮೀಪದ ದೃಷ್ಟಾಂತ. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ದಲಿತ ಬಾಲಕನೊಬ್ಬನು ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ವಿಧಿಸಲಾಯಿತು. ಅಲ್ಲಿ ಇಟ್ಟಿಗೆಯ ಗೋಡೆ ಇರಲಿಲ್ಲ; ಒಂದು ಕೋಲೇ ಗೋಡೆಯಾಯಿತು. ಇಟ್ಟಿಗೆಯ ಗೋಡೆಯನ್ನು ಸರಕಾರ ಕೆಡಹಬಲ್ಲುದು. ಇಂಥ ಗೋಡೆಯನ್ನು ಕಟ್ಟಿದವನೇ ಕೆಡಹಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಮಕ್ಕಳ ವಿವಾಹದಿಂದ ಬೀಗರಾದರು. ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಶರಣಪರಂಪರೆ ಸ್ಮರಿಸುತ್ತದೆ. ಆ ಶರಣರ ಹೆಸರಿನಲ್ಲಿ ವಿಭೂತಿ ಧರಿಸುವ ಗೃಹಸ್ಥನು ಒಳಪಂಗಡವನ್ನು ಕೇಳಿ ಪಂಕ್ತಿಯಲ್ಲಿ ಎಡೆ ಹಾಕಿದರೆ, ಆಳಿಗೆ ಬೇರೆ ಲೋಟ ಇಟ್ಟರೆ, ಅವನ ಮನೆಯಲ್ಲಿಯೂ ಒಂದು ಬೆಲ್‌ಫಾಸ್ಟ್ ಇದೆ.

ಉಪಾಯವೇನು? ಆ ನಗರದ ಅಲೆಕ್ಸಾಂಡ್ರಾ ಉದ್ಯಾನವನ್ನು ಇಬ್ಭಾಗ ಮಾಡಿದ್ದ ಉಕ್ಕಿನ ಗೋಡೆಯಲ್ಲಿ 2011ರಲ್ಲಿ ಬಾಗಿಲೊಂದನ್ನು ತೆರೆದರು. ಹಗಲಿನಲ್ಲಿ ಜನ ಆಚೀಚೆ ನಡೆದರು. ಗೋಡೆಯನ್ನು ಒಮ್ಮೆಗೇ ಕೆಡಹಲಾಗದಿದ್ದರೆ ಬಾಗಿಲನ್ನಾದರೂ ತೆರೆಯಬಹುದು. ಕೋಲಾರ ಸೀಮೆಯ ಮುಳಬಾಗಿಲಿಗೆ ಮೂಡಲ ಬಾಗಿಲೆಂಬುದರಿಂದಲೇ ಆ ಹೆಸರು. ಮಾಲೂರು, ಶ್ರೀನಿವಾಸಪುರಗಳ ಭಕ್ತರೂ ತಂತಮ್ಮ ಮನೆಗಳಲ್ಲಿ ಅಂಥ ಬಾಗಿಲನ್ನು ತೆರೆಯಲಿ. ಮುಂದಿನ ದಾಸೋಹದಲ್ಲಿ ಇದುವರೆಗೆ ಹೊರಗೆ ನಿಂತವನನ್ನು ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಣ್ಣಲಿ. ಈ ಪಾಠದ ಅನುಷ್ಠಾನ ಇಷ್ಟೇ.